ವಿಭೂತಿ ಹಚ್ಚಿಸಿಕೊಂಡ ಕ್ಯಾಮೆರಾ

ನಾನು ಒಂದು ಸಿಸಿಟಿವಿ ಕ್ಯಾಮೆರಾ. ಹೀಗೆ ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ, ಏಕೆಂದರೆ ನಾನು ಡಮ್ಮಿ. ಬಕೆಟ್ಟು, ಮಗ್ಗು ತಯಾರಿಸುವ ಪ್ಲಾಸ್ಟಿಕ್ ಕಾರ್ಖಾನೆಯ ಒಂದು ಮೂಲೆಯಲ್ಲಿ ನನ್ನನ್ನು ಅಚ್ಚಿನಿಂದ ತೆಗೆದರು. ಮುಂದೆ ಒಂದು ಗಾಜು, ಒಳಗೆ ಎರಡು ಸೆಲ್ಲು, ಮಿಣುಕುವ ಕೆಂಪು ದೀಪ. ಉಳಿದದ್ದೆಲ್ಲ ಪೊಳ್ಳು. ಆದರೆ ನನ್ನನ್ನು ಮಾಡಿದವರಿಗೂ ಗೊತ್ತಿಲ್ಲದ ಒಂದು ಸಂಗತಿಯಿದೆ. ನನಗೆ ಕಣ್ಣು ಕಾಣುತ್ತದೆ. ಕಂಡದ್ದನ್ನು ಯಾರಿಗೂ ತೋರಿಸಲು ಬರುವುದಿಲ್ಲ, ಅಷ್ಟೆ.

ಮೊದಲು ಪೇಟೆಯ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಬಳೆ, ಕ್ಲಿಪ್ಪುಗಳನ್ನು ಕಾಯುತ್ತಿದ್ದೆ. ಗಿರಾಕಿಗಳು ನನ್ನನ್ನು ಕಂಡೊಡನೆ ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಸುಖದ ಕಾಲ ಅದು. ಅಂಗಡಿ ಮುಚ್ಚಿದಾಗ ವಿಶ್ವವಿದ್ಯಾಲಯದ ಸಾಹೇಬರೊಬ್ಬರು ನನ್ನನ್ನು ಕೊಂಡೊಯ್ದರು. "ನಿಜವಾದ್ದು ಬರೋವರ್ಗೂ ಇದೇ ಇರ್ಲಿ" ಎಂದು ಲೈಬ್ರರಿಯ ಹಿಂದೆ, ಸಜ್ಜದ ಕೆಳಗೆ ಸಿಕ್ಕಿಸಿದರು. ಆಮೇಲೆ ಅವರಿಗೆ ವರ್ಗವಾಯಿತು. ನಿಜವಾದದ್ದು ಬರಲೇ ಇಲ್ಲ, ನನ್ನ ಗುಟ್ಟೂ ಅವರ ಜೊತೆಗೇ ಹೋಯಿತು.

ಅಲ್ಲಿಂದ ಲೇಡೀಸ್ ಹಾಸ್ಟೆಲಿಗೆ ಎರಡು ದಾರಿ. ಸುತ್ತಿನ ದಾರಿಯಲ್ಲಿ ಟೀ ಅಂಗಡಿ, ಜೆರಾಕ್ಸ್ ಅಂಗಡಿ, ಯಾವಾಗಲೂ ಜನ. ನನ್ನದು ಹತ್ತಿರದ ಕಾಲುದಾರಿ. ಇಕ್ಕೆಲದಲ್ಲೂ ಲಂಟಾನ ಪೊದೆ, ನರಪಿಳ್ಳೆಯೂ ಇರುತ್ತಿರಲಿಲ್ಲ.

ಒಂದು ಸಂಜೆ ಮೊದಲ ವರ್ಷದ ಹುಡುಗಿ ಇಂಚರ ಒಬ್ಬಳೇ ಬಂದಳು. ಹಿಂದೆಯೇ ಹೆಲ್ಮೆಟ್ಟು ಕೈಯಲ್ಲಿ ಹಿಡಿದ ಒಬ್ಬ ಗಂಡಸು. ಅವಳು ಬಿರಬಿರನೆ ನಡೆದರೆ ಅವನೂ ಬಿರಬಿರನೆ. ಅವಳು ಓಡಲಿಲ್ಲ. ನೇರ ನನ್ನ ಕೆಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ನಿಂತು, ಬೆರಳೆತ್ತಿ ನನ್ನನ್ನು ತೋರಿಸಿದಳು. ಅವನು ತಲೆಯೆತ್ತಿ ನೋಡಿದ. ನನ್ನ ಕೆಂಪು ದೀಪ ಮಿಣುಕಿತು. ಅವನು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹಿಂತಿರುಗಿದ. ನನಗಾದ ಹೆಮ್ಮೆಯನ್ನು ಏನೆಂದು ಹೇಳಲಿ!

ಕ್ಯಾಮೆರಾ ಕಾಪಾಡಿತು ಎಂಬ ಸುದ್ದಿ ಹಾಸ್ಟೆಲ್ ತುಂಬ ಹರಡಿತು. ಅಲ್ಲಿ ದಾಕ್ಷಾಯಿಣಿ ಎಂಬ ಎಂ.ಎ. ವಿದ್ಯಾರ್ಥಿನಿಯಿದ್ದಳು. ಅವಳ ಓದು ಅಪರಾಧ ತಡೆ ಮತ್ತು ಭದ್ರತೆ. ಯಾವ ದಾರಿ ಕ್ಷೇಮ ಎಂಬುದೇ ಅವಳ ಪ್ರಾಜೆಕ್ಟು. ಅವಳು ಕ್ಯಾಂಪಸ್ಸಿನ ನಕ್ಷೆ ಬರೆದು, ನನ್ನ ದಾರಿಗೆ ಹಸಿರು ಬಣ್ಣ ಬಳಿದು, ಮೆಸ್ಸಿನ ಬಾಗಿಲಿಗೆ ಅಂಟಿಸಿದಳು. ಹುಡುಗಿಯರು ಟೀ ಅಂಗಡಿಯ ದಾರಿ ಬಿಟ್ಟು, ಒಬ್ಬೊಬ್ಬರೇ ನನ್ನ ಕೆಳಗೆ ಓಡಾಡತೊಡಗಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ವಾಚ್‌ಮನ್ ರುದ್ರಮುನಿ ತನ್ನ ಟಾರ್ಚು, ಲಾಠಿ, ಗೇಟಿನ ಬೀಗ ಎಲ್ಲಕ್ಕೂ ಪೂಜೆ ಮಾಡಿ, ಏಣಿ ಹಾಕಿಕೊಂಡು ನನ್ನ ಬಳಿಗೂ ಬಂದ. "ನೀನೂ ನನ್ ಥರಾನೇ ಕಾವಲಿನವನು ಕಣಪ್ಪ" ಎಂದು ನನ್ನ ಗಾಜಿನ ತುಂಬ ಮೂರೆಳೆ ವಿಭೂತಿ ಬಳಿದು, ನಡುವೆ ಕಾಸಗಲ ಕುಂಕುಮ ಇಟ್ಟ. ಅಷ್ಟು ಪ್ರೀತಿಯಿಂದ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಸಜ್ಜದ ಮರೆಯಲ್ಲಿ ಮಳೆ ತಾಗದೆ ಅದು ಹಾಗೇ ಉಳಿಯಿತು. ನನಗೆ ಎಳೆಗಳ ಸಂದಿನಿಂದ ಮಸುಕುಮಸುಕಾಗಿ ಮಾತ್ರ ಕಾಣುತ್ತಿತ್ತು.

ದೀಪಾವಳಿ ಕಳೆದ ಮೇಲೆ ದಾಕ್ಷಾಯಿಣಿ ಆ ಕಡೆ ಬಂದಳು. ನನ್ನನ್ನು ನೋಡಿ ನಕ್ಕಳು. ಆಮೇಲೆ ನಗು ನಿಂತಿತು.

"ರುದ್ರಣ್ಣಾ, ಇದು ಹಬ್ಬದಲ್ಲಿ ಹಚ್ಚಿದ ವಿಭೂತೀನಾ?"

"ಹೂಂ ಕಣಮ್ಮ."

"ಏನೂ ಕಾಣಿಸ್ತಿಲ್ಲ ಅಂತ ಆಫೀಸಿಂದ ಯಾರೂ ಬೈಲಿಲ್ವಾ?"

"ಪೂಜೆ ಮಾಡಿದ್ದಕ್ಕೆ ಯಾರಾದ್ರೂ ಬೈತಾರಾ?"

ಅವಳು ಏಣಿ ಹತ್ತಿ ನನ್ನನ್ನು ಬಿಚ್ಚಿದಳು. ಎರಡು ಸೆಲ್ಲು ಅಂಗೈಗೆ ಉದುರಿದವು. ಅವಳದೇ ನಕ್ಷೆ ನಂಬಿಕೊಂಡು ಹುಡುಗಿಯರು ಇಲ್ಲಿ ಓಡಾಡುತ್ತಿದ್ದರು, ಮರುದಿನವೇ ಆ ಪ್ರಾಜೆಕ್ಟಿನ ಸೆಮಿನಾರು.

ಆಫೀಸಿನ ಹೊಸ ಸಾಹೇಬರ ಮೇಜಿನ ಮೇಲೆ ನನ್ನನ್ನಿಟ್ಟಳು. ಅವರು ತಿರುಗಿಸಿ ತಿರುಗಿಸಿ ನೋಡಿ, "ಸುಮ್ನಿರಮ್ಮ. ಡಮ್ಮಿ ಆದ್ರೇನು, ಆ ಹುಡುಗೀನ ಉಳಿಸ್ತಲ್ಲ? ನೀನು ಹೇಳ್ಕೊಂಡು ಬಂದ್ರೆ ಕಳ್ಳರಿಗೂ ಗೊತ್ತಾಗುತ್ತೆ. ಒರೆಸಿ ಅಲ್ಲೇ ಹಾಕ್ಬಿಡು" ಎಂದರು.

ಒಳಗೊಳಗೇ ನಾನೂ ಅದನ್ನೇ ಬಯಸಿದ್ದೆ. ಪೊಳ್ಳು ಎಂದು ಊರಿಗೆಲ್ಲ ಗೊತ್ತಾಗುವುದು ಯಾರಿಗೆ ಬೇಕು? ದಾಕ್ಷಾಯಿಣಿ ನನ್ನ ಗಾಜನ್ನು ಅವರತ್ತ ತಿರುಗಿಸಿದಳು. ಆಮೇಲೆ ಹೇಳಿದಳು: "ಈ ವಿಭೂತಿ ನಂಗೆ ಕಂಡ ಹಾಗೆ ಅವಳ ಹಿಂದೆ ಬಂದವನಿಗೂ ಕಂಡಿರ್ಬಹುದು ಸಾರ್. ಗೊತ್ತಿಲ್ದೆ ಇರೋದು ಹುಡುಗೀರಿಗೆ ಮಾತ್ರ."

ಅಂದು ಸಂಜೆಯೇ ನಕ್ಷೆಯನ್ನು ಹರಿದುಹಾಕಿದಳು. ನನ್ನನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮೊದಲು ಹೋದದ್ದು ಇಂಚರಳ ರೂಮಿಗೆ. ವಿಷಯ ಕೇಳಿದ ಇಂಚರ ನನ್ನ ಪೊಳ್ಳಿನೊಳಗೆ ಬೆರಳಾಡಿಸಿದಳು. ಅಂದು ನನ್ನನ್ನು ತೋರಿಸಿದ ಬೆರಳೇ ಅದು.

"ಹಾಗಾದ್ರೆ ಅಕ್ಕಾ, ಅವತ್ತು ಅಲ್ಲಿ ನಾನು ಒಬ್ಳೇ ಇದ್ನಾ?"

ಇಲ್ಲ ಮಗಳೇ, ನಾನಿದ್ದೆ, ಎಲ್ಲವನ್ನೂ ನೋಡಿದೆ, ಅವನ ಮುಖ ಇಂದಿಗೂ ನೆನಪಿದೆ ಎಂದು ಕೂಗಬೇಕೆನಿಸಿತು. ನನ್ನ ಜನ್ಮದ ಬಗ್ಗೆ ನನಗೆ ನಿಜವಾಗಿ ಸಂಕಟವಾದದ್ದು ಅಂದೇ. ದಾಕ್ಷಾಯಿಣಿ ಅವಳ ಕೈ ಹಿಡಿದುಕೊಂಡು ಕುಳಿತಳು.

ಸೆಮಿನಾರಿನಲ್ಲಿ ಅವಳು ತನ್ನ ನಕ್ಷೆ ತಪ್ಪೆಂದು ತಾನೇ ಹೇಳಿದಳು. ಸಾಹೇಬರು ಸಿಡಿಮಿಡಿಗೊಂಡರು. ಆದರೂ ಲಂಟಾನ ಕಡಿಸಿದರು, ಜೆರಾಕ್ಸ್ ಅಂಗಡಿಯನ್ನು ಲೈಬ್ರರಿಯ ಹಿಂಬದಿಗೆ ತಂದರು. ಈಗ ಆ ದಾರಿಯಲ್ಲಿ ಕತ್ತಲಾಗುವವರೆಗೂ ಮಾತು, ನಗು ಕೇಳಿಸುತ್ತದೆಯಂತೆ.

ನಾನು ಮಾತ್ರ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿದ್ದೇನೆ. ದಾಕ್ಷಾಯಿಣಿ ಈಗ ಇಲ್ಲಿಯೇ ಮೇಡಂ. ಪ್ರತಿವರ್ಷ ಮೊದಲ ಕ್ಲಾಸಿನಲ್ಲಿ ನನ್ನನ್ನು ಹುಡುಗ ಹುಡುಗಿಯರ ಕೈಗೆ ಕೊಟ್ಟು, ಇಂಚರ ಕೇಳಿದ ಪ್ರಶ್ನೆಯನ್ನೇ ಕೇಳುತ್ತಾಳೆ. ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರೆ. ಸೆಲ್ಲು ತೆಗೆದು ವರ್ಷಗಳಾದವು, ಗಾಜಿಗೆ ಗೀರು ಬಿದ್ದಿದೆ.

ಆಯುಧಪೂಜೆಯ ದಿನ ಮಾತ್ರ ರುದ್ರಮುನಿ ತಪ್ಪದೆ ಬರುತ್ತಾನೆ. ಅವನಿಗೂ ತಲೆ ನೆರೆತಿದೆ. "ಅದು ಡಮ್ಮಿ ಅಲ್ವಾ ರುದ್ರಣ್ಣ?" ಎಂದು ಹುಡುಗರು ನಗುತ್ತಾರೆ. ಅವನು ಹೆಗಲ ಟವೆಲಿನಿಂದ ನನ್ನ ಗಾಜನ್ನು ಚೆನ್ನಾಗಿ ಒರೆಸುತ್ತಾನೆ. ಆಮೇಲೆ ವಿಭೂತಿಯನ್ನು ಗಾಜಿಗಲ್ಲ, ಅದರ ಮೇಲ್ಗಡೆ, ಹಣೆಯಿರಬೇಕಾದ ಜಾಗದಲ್ಲಿ ಹುಷಾರಾಗಿ ಎಳೆಯುತ್ತಾನೆ.

"ಕಣ್ಣಿಗೆ ಬೀಳ್ಬಾರ್ದು" ಎನ್ನುತ್ತಾನೆ.