ಬಾದಲ್ ಯಾರನ್ನು ಹುಡುಕುತ್ತಿದ್ದ

ಖುರ್ಷೀದ್ ಬೇಗಂ ಅವರ ಮುಧೋಳ ನಾಯಿ ಬಾದಲ್ ನಮ್ಮ ಕೋಟನೂರಿನ ನಾಯಿ ತರಬೇತಿ ಮೈದಾನದಲ್ಲಿ ಭಾರಿ ಸಭ್ಯಸ್ಥ. ಅವರು "ಆಜಾ" ಎಂದರೆ ಸಾಕು, ಆ ತುದಿಯಿಂದ ಓಡಿಬಂದು ಕಾಲ ಬಳಿ ಕೂರುತ್ತಿದ್ದ. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಅವರ ಮನೆಯಲ್ಲಿ ಮಾತ್ರ ಅದೇ ಕರೆ ಅವನ ಕಿವಿಗೇ ಬೀಳುತ್ತಿರಲಿಲ್ಲ. ಒಂದು ದಿನ ಗೇಟು ಹಾರಿ ಸೇಡಂ ರಸ್ತೆಯವರೆಗೂ ಓಡಿ, ಬೈಕಿನವನೊಬ್ಬನನ್ನು ಬೀಳಿಸಿದ. ಮಗ ಅಜರ್ ಅಂದೇ ತೀರ್ಮಾನಿಸಿಬಿಟ್ಟ.

"ಕಮಲಾಪುರದಾಗ ನಮ್ಮ ದೋಸ್ತ ಶಿವಶರಣನ ಬಾಳಿ ತೋಟ ಅದ. ಮುಂದಿನ ತಿಂಗಳು ಅಲ್ಲಿ ಹಗ್ಗ ಬಿಚ್ಚಿ ಬಿಡೋಣು. ಅಮ್ಮಿ ಕರದಾಗ ಬಂದ್ರ ಮನೀಗೆ ಬರ್ಲಿ. ಬರಲಿಲ್ಲಂದ್ರ ಅಲ್ಲೇ ಇರ್ಲಿ."

ಆವತ್ತಿನಿಂದ ಖುರ್ಷೀದ್ ಬೇಗಂ ಅವರ ಮುಖ ನೋಡಲಾಗುತ್ತಿರಲಿಲ್ಲ. ಗಂಡ ತೀರಿದ ಮೇಲೆ ಅವರ ದಿನವೆಲ್ಲ ಆ ನಾಯಿಯ ಹಿಂದೆಯೇ ಸಾಗುತ್ತಿತ್ತು.

ನಮ್ಮ ತರಗತಿಯಲ್ಲಿ ಕಲಿಸುವವರು ಇಬ್ಬರು. ನಾನು, ಮಲ್ಲಿಕಾ, ಪ್ರದರ್ಶನಕ್ಕೆ ನಾಯಿಯನ್ನು ನಿಲ್ಲಿಸುವುದು, ಓಡಿಸುವುದು, ತೀರ್ಪುಗಾರರಿಗೆ ಹಲ್ಲು ತೋರಿಸುವುದನ್ನು ಕಲಿಸುತ್ತೇನೆ. ಮಾತು ಕೇಳುವುದನ್ನು ಕಲಿಸುವವರು ಪೊಲೀಸ್ ಶ್ವಾನದಳದಿಂದ ನಿವೃತ್ತರಾದ ಬುರ್ಹಾನುದ್ದೀನ್ ಸಾಹೇಬರು. ಅವರ ಮುಂದೆ ಬಾಲ ಬಿಚ್ಚಿದ ನಾಯಿಯನ್ನು ನಾನಂತೂ ಕಂಡಿಲ್ಲ.

"ಆಪಾ, ನೀವು ಮನ್ಯಾಗ ಪ್ರಾಕ್ಟೀಸ್ ಮಾಡ್ಸಾಂಗಿಲ್ಲ. ನಾಯಿ ಛಲೋ ಅದ," ಎಂದರು ಸಾಹೇಬರು.

"ದಿನಾ ಮಾಡಸ್ತೀನ್ರೀ," ಎನ್ನುವಾಗ ಆಕೆಯ ಕಣ್ಣು ತುಂಬಿತು.

ಇಬ್ಬರೂ ಸುಳ್ಳು ಹೇಳುವವರಲ್ಲ. ಹಾಗಾದರೆ ನಾಯಿ ಯಾಕೆ ಹೀಗೆ ಮಾಡುತ್ತದೆ? ಇಂಥದ್ದು ತಲೆಗೆ ಹೊಕ್ಕರೆ ನನಗೆ ಊಟ ಸೇರುವುದಿಲ್ಲ. ಮರುದಿನವೇ ಅವರ ಮನೆಗೆ ಹೋದೆ.

"ಕರೀರಿ ಖಾಲಾ, ನೋಡೋಣು."

ಮೈದಾನದಲ್ಲಿ ಕರೆದಂತೆಯೇ ಕರೆದರು. ಬಾದಲ್ ಕಿವಿ ನಿಮಿರಿಸಿದ. ಗೇಟಿನ ಕಡೆ ನೋಡಿದ, ನೀರಿನ ಟಾಕಿಯ ಹಿಂದೆ ಇಣುಕಿದ, ನನ್ನ ಬೆನ್ನ ಹಿಂದೆಯೂ ಬಂದು ನೋಡಿ ಹೋದ. ಅದು ಹಠವಾಗಿರಲಿಲ್ಲ. ಅವನು ಯಾರನ್ನೋ ಹುಡುಕುತ್ತಿದ್ದ.

ನಾವು ನಾಯಿಗೆ ಕಲಿಸುವವರು ನಾಯಿಯನ್ನೇ ನೋಡುತ್ತೇವೆ, ಒಬ್ಬರನ್ನೊಬ್ಬರು ನೋಡಿಕೊಳ್ಳುವುದಿಲ್ಲ. ಮುಂದಿನ ತರಗತಿಯಲ್ಲಿ ನಾನು ಮೊಬೈಲನ್ನು ಸಾಹೇಬರ ಕಡೆಗೆ ಹಿಡಿದೆ. ಆಮೇಲೆ ಆ ವಿಡಿಯೋ ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಹೇಬರು ಯಾವಾಗಲೂ ಮಾಲೀಕರ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಖುರ್ಷೀದ್ ಬೇಗಂ ಬಾಯಿ ತೆರೆಯುವ ಮೊದಲೇ ಅವರ ಬಲಗೈ ತನ್ನಷ್ಟಕ್ಕೆ ಸೊಂಟದ ಬೆಲ್ಟಿಗೆ ಹೋಗುತ್ತಿತ್ತು. ದಳದಲ್ಲಿದ್ದಾಗ ನಾಯಿಗೆ ಕೊಡುವ ಚೆಂಡು ಅಲ್ಲಿರುತ್ತಿತ್ತಂತೆ. ಚೆಂಡು ಹೋದರೂ ಕೈಯ ರೂಢಿ ಹೋಗಿರಲಿಲ್ಲ. ಬಾದಲ್ ಓಡಿಬರುತ್ತಿದ್ದುದು ಕರೆಗಲ್ಲ, ಆ ಕೈಯನ್ನು ನೋಡಿ.

ತೋರಿಸಿದಾಗ ಸಾಹೇಬರು ಕೆಂಡವಾದರು. "ಇಷ್ಟು ವರ್ಷದ ಸರ್ವೀಸ್ ಅದ ನಂದು, ಮಲ್ಲಿಕಾ. ನನಗ ಹೇಳಾಕತ್ತೀಯೇನು?"

"ನನ್ನ ಮಾತು ಬಿಡ್ರಿ. ನಾಯೀನೇ ಕೇಳ್ರಿ."

ಖುರ್ಷೀದ್ ಬೇಗಂ ಸುಮ್ಮನೆ ನಿಂತರು. ಸಾಹೇಬರು ಬೆಲ್ಟು ಮುಟ್ಟಿದರು. ಯಾರೂ ಕರೆಯದೆ ಬಾದಲ್ ಓಡಿಬಂದು ಆಕೆಯ ಕಾಲ ಬಳಿ ಕೂತ. ಆಮೇಲೆ ಸಾಹೇಬರು ಕೈಗಳನ್ನು ಹಿಂದೆ ಕಟ್ಟಿಕೊಂಡರು, ಆಕೆ ಕರೆದರು. ಬಾದಲ್ ಅಲ್ಲೇ ನಿಂತು ಸಾಹೇಬರ ಸೊಂಟವನ್ನೇ ನೋಡಿದ.

ಸಾಹೇಬರು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. "ಮಾಫ್ ಮಾಡ್ರಿ, ಆಪಾ. ಸುಮ್ನ ನಿಮಗ ಅಂದೆ," ಎಂದರು. ಆ ತಿಂಗಳು ಅವರು ಬಾದಲ್‌ನ ಕಣ್ಣಿಗೆ ಬೀಳಲಿಲ್ಲ. ಖುರ್ಷೀದ್ ಬೇಗಂ ಅಂಗಳದಲ್ಲಿ ಒಬ್ಬರೇ, ಕೋಳಿ ಮಾಂಸದ ಚೂರು ಹಿಡಿದು, ಮೊದಲಿನಿಂದ ಶುರು ಮಾಡಿದರು.

ಕಮಲಾಪುರಕ್ಕೆ ಹೊರಟ ದಿನ ಸಾಹೇಬರು ನನ್ನ ಕಾರಿನಲ್ಲಿ ಬಂದರು. ತೋಟ ಇನ್ನೂ ದೂರವಿರುವಾಗಲೇ ಕಾರು ನಿಲ್ಲಿಸಲು ಹೇಳಿ, ಒಳಗೇ ಉಳಿದರು. ನಾನು ನಡೆದು ಹೋದೆ.

ತಾಯಿಯೊಂದಿಗೆ ಆಗಲೇ ಬಂದಿದ್ದ ಅಜರ್ ಬಾದಲ್‌ನ ಕುತ್ತಿಗೆಯ ಹಗ್ಗ ಬಿಚ್ಚಿದ. ಬಾದಲ್ ಬಾಳೆಯ ಸಾಲುಗಳ ನಡುವೆ ಬಾಣದಂತೆ ಹಾರಿದ.

"ಬಾದಲ್, ಆಜಾ!" ಎಂದು ಖುರ್ಷೀದ್ ಬೇಗಂ ಕರೆದರು.

ಅವನು ನಿಂತ. ಬಾಳೆಗಿಡಗಳ ಮರೆಯಲ್ಲಿ ನೋಡಿದ. ಅಜರ್‌ನ ಹಿಂದೆ ನೋಡಿದ. ನಾನು ಕೈಗಳನ್ನು ಕಂಕುಳಲ್ಲಿ ಬಿಗಿಹಿಡಿದು ನಿಂತೆ. ಖುರ್ಷೀದ್ ಬೇಗಂ ಮತ್ತೊಮ್ಮೆ ಕರೆದರು. ಈ ಸಲ ಬಾದಲ್ ಬೇರೆಲ್ಲೂ ನೋಡಲಿಲ್ಲ. ಮೊದಲು ನಡೆದ, ಆಮೇಲೆ ಓಡಿದ, ಬಂದು ಅವರ ಕಾಲಿಗೆ ಒರಗಿ ಕೂತ. ಆಕೆ ಮಣ್ಣಲ್ಲೇ ಕುಸಿದು ಅವನ ಕುತ್ತಿಗೆ ತಬ್ಬಿಕೊಂಡು ಗಳಗಳನೆ ಅತ್ತರು. ಅಜರ್ ಹಗ್ಗವನ್ನು ತಾಯಿಯ ಕೈಗೇ ಕೊಟ್ಟು, "ಏಳ್ರಿ ಅಮ್ಮಿ, ಮನೀಗೆ ಹೋಗೋಣು," ಎಂದ.

ನಾನು ಕಾರಿಗೆ ಮರಳಿದೆ.

"ಬಂದನೇನು?"

"ಬಂದಾನ್ರೀ, ಸಾಹೇಬ್ರ."

"ಛಲೋ ಆತು. ಭಾಳ ಛಲೋ ಆತು." ಸಂತೋಷದಿಂದಲೇ ಹೇಳಿದರು. ಕಲಬುರಗಿಯ ದಾರಿ ಹಿಡಿದು ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ ಕೇಳಿದರು: "ನನ್ನ ಹುಡುಕಲಿಲ್ಲೇನು?"

"ಹುಡುಕಿದನ್ರೀ. ಒಂದ್ಸಲ."

ಸಾಹೇಬರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

"ಸಾಕು," ಎಂದರು.