ಟೀಚರಮ್ಮನ ಮುನ್ನೂರು ವಾಕ್ಯ

ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಟೀಚರಮ್ಮನ ದನಿ ಕೇಳುತ್ತಿತ್ತು.

"ಏಯ್, ಹಿಂದಿನ ಬೆಂಚು! ಅದೇನ್ ಕಿಸಿಕಿಸಿ? ನಮಗೂ ಹೇಳಿ, ನಾವೂ ನಗ್ತೀವಿ!"

ಮೂಗಿನಲ್ಲಿ ಹುಟ್ಟಿ ನೆತ್ತಿಯಿಂದ ಹೊರಡುವಂಥ ದನಿ. ನರ್ಸುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರಮ್ಮ ಮಾತ್ರ ಅಲ್ಲಿರಲಿಲ್ಲ. ಅವರು ಮೂರನೆಯ ಮಹಡಿಯ ವಾರ್ಡಿನಲ್ಲಿ ಕುತ್ತಿಗೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದರು. ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆದು ಹತ್ತು ದಿನವಾಗಿತ್ತು.

ಮಾತಾಡುತ್ತಿದ್ದವನು ಗಿಣಿ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಗಂಟಲಿನ ಆಪರೇಷನ್ನಿಗೆ ಮೊದಲು ರೋಗಿಗಳನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಅವರಿಂದ ಮುನ್ನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡುವುದು ಅವನ ಕೆಲಸ. ಆ ವಾಕ್ಯಗಳಿಂದ ಕಂಪ್ಯೂಟರು ಅವರದೇ ದನಿಯನ್ನು ಹೆಣೆಯುತ್ತಿತ್ತು. ಗಾಯ ಮಾಯ್ದ ಮೇಲೆ ಅಂಗೈಯಗಲದ ಒಂದು ಯಂತ್ರ ಕೈಗೆ ಬರುತ್ತಿತ್ತು. ಬರೆದದ್ದನ್ನು ಅದು ಅವರ ದನಿಯಲ್ಲಿ ಆಡುತ್ತಿತ್ತು.

"ಪಾಪ ಕಣೋ, ಸಾಕು," ಎಂದರು ಹಿರಿಯ ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತ. ಅದು ನಕ್ಕು ನಕ್ಕು ಬಂದ ನೀರು.

"ಪಾಪ ಏನ್ ಬಂತು ಸಿಸ್ಟರ್? ಅವರ ದನಿಗೆ ನನ್ನ ಹತ್ರ ಎರಡೆರಡು ಕಾಪಿ ಇದೆ. ಒಂದು ಡ್ರೈವಲ್ಲಿ, ಒಂದು ಗಂಟಲಲ್ಲಿ."

ಪ್ರತಿ ಶುಕ್ರವಾರ ದನಿಗಳ ಇನ್ನೊಂದು ಕಾಪಿಯನ್ನು ಬೇರೆ ಡ್ರೈವಿಗೆ ತೆಗೆದಿಡುವುದು ಆಸ್ಪತ್ರೆಯ ಕಟ್ಟುಪಾಡು. ಒಬ್ಬರ ದನಿ ಇನ್ನೊಬ್ಬರ ಕೈಗೆ ಸಿಕ್ಕರೆ ಅವರ ಮನೆಗೇ ಫೋನ್ ಮಾಡಿ ಏನು ಬೇಕಾದರೂ ಹೇಳಬಹುದಲ್ಲ. ಅದಕ್ಕೇ ಆ ಡ್ರೈವಿಗೆ ಬೀಗ ಹಾಕಿತ್ತು. ಇಪ್ಪತ್ತೆರಡು ಅಕ್ಷರದ ಪಾಸ್‌ವರ್ಡ್ ಇಲ್ಲದೆ ಒಳಗಿರುವುದು ಯಾರಿಗೂ ಅರ್ಥವಾಗದ ಕಲಸುಮೇಲೋಗರ. ಗಿಣಿ ಕಂಪ್ಯೂಟರಿನ ತೆರೆಯ ಮೇಲಿದ್ದ 'ದನಿಗಳು' ಎಂಬ ಫೋಲ್ಡರನ್ನು ಎಳೆದು ಡ್ರೈವಿಗೆ ಹಾಕುತ್ತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. "ಡ್ರೈವ್ ಅಂದ್ರೆ ಇದು, ಚಿರತೆ!" ಎಂದು ಮೆಚ್ಚಿಕೊಳ್ಳುತ್ತಿದ್ದ. ತೆರೆದು ನೋಡಿದರೆ ಎಲ್ಲ ದನಿಗಳೂ ಒಳಗೆ ಕಾಣುತ್ತಿದ್ದವು.

ಎರಡು ತಿಂಗಳು ಕಳೆದು, ಒಂದು ಬೆಳಿಗ್ಗೆ ಗಿಣಿಯ ಕಂಪ್ಯೂಟರು ಟಿಕ್ ಟಿಕ್ ಎಂದು ನಾಲ್ಕು ಸಲ ಲೊಚಗುಟ್ಟಿ ಸತ್ತಿತು.

"ಹೋಗ್ಲಿ ಬಿಡು," ಎಂದರು ದೊಡ್ಡ ಡಾಕ್ಟರು. "ಮಿಕ್ಕವರಿಗೆಲ್ಲ ಯಂತ್ರ ಕೊಟ್ಟಾಗಿದೆ. ಟೀಚರ್‌ದು ಒಂದೇ ಬಾಕಿ. ಸೋಮವಾರ ಬರ್ತಾರೆ. ಡ್ರೈವಲ್ಲಿ ಇದೆ ತಾನೆ?"

"ಭದ್ರವಾಗಿದೆ ಸಾರ್," ಎಂದ ಗಿಣಿ, ಡಾಕ್ಟರರದೇ ಗಡಸು ದನಿಯಲ್ಲಿ. ಅವರೂ ನಕ್ಕರು.

ಹೊಸ ಕಂಪ್ಯೂಟರಿಗೆ ಡ್ರೈವ್ ಸಿಕ್ಕಿಸಿ ಇಪ್ಪತ್ತೆರಡು ಅಕ್ಷರ ಒತ್ತಿದ. ಬೀಗ ತೆರೆಯಿತು. 'ದನಿಗಳು' ಕಂಡಿತು. ಒತ್ತಿದರೆ, 'ಇದು ಸೂಚಿಸುವ ಜಾಗ ಸಿಗುತ್ತಿಲ್ಲ.' ಮತ್ತೆ ಒತ್ತಿದ. ಮತ್ತೆ ಅದೇ. ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಸೊಟ್ಟಗಿನ ಪುಟ್ಟ ಬಾಣವೊಂದಿತ್ತು. ದಿನವೂ ನೋಡಿದ್ದರೂ ಅದನ್ನು ಅವನು ಕಂಡದ್ದು ಈಗ. ಇಷ್ಟು ವಾರ ಅವನು ಎಳೆದು ಹಾಕಿದ್ದು ಫೋಲ್ಡರನ್ನಲ್ಲ, ಫೋಲ್ಡರಿಗೆ ದಾರಿ ತೋರಿಸುವ ಶಾರ್ಟ್‌ಕಟ್ಟನ್ನು. ಹಳೆಯ ಕಂಪ್ಯೂಟರು ಬದುಕಿರುವವರೆಗೆ ಆ ದಾರಿ ಮನೆ ಮುಟ್ಟಿಸುತ್ತಿತ್ತು. ಈಗ ದಾರಿ ಇದೆ, ಮನೆ ಇಲ್ಲ. ಖಾಲಿ ಪೆಟ್ಟಿಗೆಗೆ ಅವನು ಇಪ್ಪತ್ತೆರಡು ಬೀಗ ಜಡಿದಿದ್ದ.

ಇದನ್ನು ಡಾಕ್ಟರಿಗೆ ಹೇಳಬೇಕಿತ್ತು. ಅವರ ಬಾಗಿಲವರೆಗೆ ಹೋಗಿ ವಾಪಸು ಬಂದ.

ಭಾನುವಾರ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿನಲ್ಲಿ, ಸದ್ದಿಲ್ಲದ ಕೋಣೆಯ ದಪ್ಪ ಬಾಗಿಲು ಎಳೆದುಕೊಂಡು ರೋಗಿಗಳ ಕುರ್ಚಿಯಲ್ಲಿ ತಾನೇ ಕೂತ. ಆ ಕೋಣೆಯಲ್ಲಿ ಹೊರಗಿನ ಸದ್ದು ಬರುವುದಿಲ್ಲ, ಒಳಗಿನ ಸದ್ದು ಉಳಿಯುವುದಿಲ್ಲ. ಗೋಡೆಗಳೇ ಹೀರಿಕೊಂಡುಬಿಡುತ್ತವೆ. ತನ್ನ ಎದೆಬಡಿತ ತನಗೇ ಯಾರೋ ಬಾಗಿಲು ತಟ್ಟಿದಂತೆ ಕೇಳಿಸಿತು. 'ದನಿ ಅವರದೇ ಅಲ್ವಾ, ಬಾಯಿ ಯಾರದಾದ್ರೇನು,' ಎಂದುಕೊಂಡು ರೆಕಾರ್ಡಿಂಗ್ ಶುರುಮಾಡಿ ಮೊದಲನೆಯ ವಾಕ್ಯ ಓದಿದ. ಇಪ್ಪತ್ತು ಮೂವತ್ತು ವಾಕ್ಯದವರೆಗೆ ಅವನು ಟೀಚರಮ್ಮನ ದನಿ ಮಾಡುತ್ತಿದ್ದ. ನೂರು ದಾಟಿದ ಮೇಲೆ ಮಾಡಬೇಕಾಗಲಿಲ್ಲ, ಅದೇ ಬರುತ್ತಿತ್ತು. ಇನ್ನೂರ ಎಂಬತ್ತರ ಹತ್ತಿರ ಕೊಂಚ ನಿಲ್ಲೋಣವೆಂದು ಬಾಯಿ ಮುಚ್ಚಿದರೂ, ಕಿವಿಯೊಳಗೆ ಮುಂದಿನ ವಾಕ್ಯ ಓದಿ ಮುಗಿದಿತ್ತು.

ಸೋಮವಾರ ಬೆಳಿಗ್ಗೆ ಮಂಚದ ಮೇಲಿಂದಲೇ, "ಅಮ್ಮಾ, ನೀರು," ಎಂದ.

ಅಡುಗೆಮನೆಯಿಂದ ಅವನ ತಾಯಿ, "ಯಾರಮ್ಮಾ ಅದು? ಬಾಗಿಲು ತೆಗೆದೇ ಇದೆ, ಒಳಗ್ ಬನ್ನಿ," ಎಂದರು. ಸೆರಗಿಗೆ ಕೈ ಒರೆಸಿಕೊಂಡು ಬಂದು ಹೊಸಿಲಲ್ಲಿ ಇಣುಕಿದರು. ಯಾರೂ ಇಲ್ಲ. ಮಗನ ಮುಖ ನೋಡಿದರು. "ಈಗ ಯಾರೋ ಹೆಂಗಸು ಕರೆದ ಹಾಗಾಯ್ತಲ್ಲೋ?"

ಗಿಣಿ ಹೊದಿಕೆಯನ್ನು ಬಾಯಿಯವರೆಗೆ ಎಳೆದುಕೊಂಡ. ಬಾಯಿ ತೆರೆದರೆ ಯಾರು ಮಾತಾಡುತ್ತಾರೋ ಎಂದು ಅವನಿಗೇ ಅಂಜಿಕೆ.

ಹತ್ತು ಗಂಟೆಗೆ ಟೀಚರಮ್ಮ ಮಗಳೊಂದಿಗೆ ಬಂದರು. ಕುತ್ತಿಗೆಗೆ ತಿಳಿನೀಲಿ ಬಟ್ಟೆ, ಮಡಿಲಲ್ಲಿ ನೋಟ್‌ಬುಕ್ಕು. ಗಿಣಿ ಯಂತ್ರವನ್ನು ಕೈಗಿತ್ತ. ಅವರು ಒಂದೊಂದೇ ಅಕ್ಷರ ಒತ್ತಿದರು.

ಯಂತ್ರ ಮೊದಲು ಸಣ್ಣಗೆ ಕೆಮ್ಮಿತು. ಆಮೇಲೆ, "ಮಗಳೇ, ಹೇಗಿದ್ದೀಯ?" ಎಂದಿತು.

"ಅಮ್ಮಾ!" ಎಂದು ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. "ನಿನ್ ದನೀನೇ ಕಣೇ!"

ಟೀಚರಮ್ಮ ಮತ್ತೊಂದು ವಾಕ್ಯ ಒತ್ತಿದರು. ಮತ್ತೆ ಕೆಮ್ಮು, ಆಮೇಲೆ ಮಾತು. ಮೂರನೆಯದಕ್ಕೂ ಹಾಗೆಯೇ. ಪ್ರತಿ ವಾಕ್ಯಕ್ಕೂ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಗಿಣಿಯ ಅಭ್ಯಾಸ. ಯಂತ್ರ ಅದನ್ನೂ ಕಲಿತುಬಿಟ್ಟಿತ್ತು. ಮುನ್ನೂರನ್ನೂ ಮತ್ತೆ ಕೇಳಿ ನೋಡುವ ತಾಳ್ಮೆ ಅವನಿಗೆ ಈ ಸಲವೂ ಇರಲಿಲ್ಲ.

ಟೀಚರಮ್ಮ ಯಂತ್ರ ಕೆಳಗಿಟ್ಟು ನೋಟ್‌ಬುಕ್ಕಿನಲ್ಲಿ ಬರೆದರು: 'ಈ ಗಂಡಸು ಯಾರು?'

"ಅದು ಮೇಡಂ, ತಾಂತ್ರಿಕ ದೋಷ," ಎಂದ ಗಿಣಿ, ದೊಡ್ಡ ಡಾಕ್ಟರರ ದನಿಯಲ್ಲಿ. "ಒಂದೊಂದ್ಸಲ ಹಾಗಾಗತ್ತಮ್ಮಾ," ಎಂದ, ಹಿರಿಯ ಸಿಸ್ಟರ್ ದನಿಯಲ್ಲಿ. ಒಂದಾದ ಮೇಲೊಂದು ಅವರಿವರ ದನಿಗಳು ಬಂದವು. ನಿಲ್ಲಿಸೋಣವೆಂದರೆ ನಿಲ್ಲಲಿಲ್ಲ.

ಟೀಚರಮ್ಮ ಮತ್ತೆ ಬರೆದರು: 'ಇದು ನಾನಲ್ಲ. ಇದು ಹಿಂದಿನ ಬೆಂಚಿನ ಹುಡುಗರು ಮಾಡುತ್ತಿದ್ದ ನಾನು. ಮೂವತ್ತು ವರ್ಷ ಬೆನ್ನ ಹಿಂದೆ ಕೇಳಿದ್ದೇನೆ. ಈಗ ನಿಮ್ಮ ದನಿಯಲ್ಲಿ ಹೇಳಿ.'

ತನ್ನ ದನಿಗಾಗಿ ಗಿಣಿ ಸ್ವಲ್ಪ ಹೊತ್ತು ತಡಕಾಡಿದ. ಸಿಕ್ಕಿದ್ದು ಸಣ್ಣದು, ಒಣಗಿದ್ದು. ಆದರೂ ಅದರಲ್ಲೇ ಎಲ್ಲ ಹೇಳಿದ. ಬಾಣದ ಗುರುತು, ಸತ್ತ ಕಂಪ್ಯೂಟರು, ಭಾನುವಾರದ ಕೋಣೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕ್ಯಾಂಟೀನಿನದನ್ನೂ ಹೇಳಿದ.

"ನಾಚಿಕೆ ಆಗಲ್ವೇನ್ರೀ?" ಎಂದಳು ಮಗಳು ಎದ್ದು ನಿಂತು. "ಅಮ್ಮ ಅಲ್ಲಿ ಒಂದ್ ಮಾತಿಗೆ ಒದ್ದಾಡ್ತಿದ್ರೆ ನೀವಿಲ್ಲಿ ನಾಟಕ ಆಡ್ತಿದ್ರಾ? ಆಪರೇಷನ್ ಹಿಂದಿನ ದಿನ ಜ್ವರ ಇಟ್ಕೊಂಡು ಓದಿದ್ಳು ಆ ಮುನ್ನೂರನ್ನೂ!"

"ತಪ್ಪಾಯ್ತು ಅಕ್ಕ. ಡಾಕ್ಟರಿಗೆ ಈಗಲೇ ಹೋಗಿ ಹೇಳ್ತೀನಿ, ಕೆಲಸ ಹೋದ್ರೂ ಹೋಗ್ಲಿ. ಆದ್ರೆ ನಿಮ್ಮ ಫೋನಲ್ಲಿ ಅಮ್ಮ ಕಳಿಸಿದ ವಾಯ್ಸ್ ಮೆಸೇಜು ಏನಾದ್ರೂ ಉಳಿದಿದ್ರೆ ಅದರಿಂದ ಒಂದಿಷ್ಟು..."

"ಇನ್ನೊಂದ್ಸಲ ನಿಮ್ಮ ಕೈಗೆ ಕೊಡ್ಬೇಕಾ?"

ಟೀಚರಮ್ಮ ಮಗಳ ಕೈಯಿಂದ ಫೋನು ತೆಗೆದುಕೊಂಡು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಒತ್ತಿದರು. ಇನ್ನೊಂದು ಕೈಯಲ್ಲಿ ಬರೆದರು: 'ಮೊದಲು ಆ ಯಂತ್ರದೊಳಗಿನವಳನ್ನು ಅಳಿಸು.'

ಗಿಣಿ ಅಳಿಸಿದ. ಯಂತ್ರದಿಂದ, ಕಂಪ್ಯೂಟರಿನಿಂದ, ಡ್ರೈವಿನಿಂದ. ಅಮ್ಮ ಮಗಳು ಇಬ್ಬರೂ ತೆರೆಯನ್ನೇ ನೋಡುತ್ತಿದ್ದರು. ಮುನ್ನೂರು ಕಡತಗಳೂ ಹೋದವು. ಅಂಗೈ ಫೋನಿನ ಮೇಲಿಂದ ಸರಿಯಿತು.

ನಲವತ್ತೊಂದು ಮೆಸೇಜುಗಳು ಸಿಕ್ಕವು. ಅವನ್ನು ಒಂದೊಂದಾಗಿ ಇಳಿಸಿ ಡ್ರೈವಿಗೆ ಹಾಕಲು ಈ ಸಲ ಆರು ನಿಮಿಷ ಹಿಡಿಯಿತು. ಹೊಸ ಪಾಸ್‌ವರ್ಡನ್ನು ಮಗಳೇ ಒತ್ತಿದಳು. ಗಿಣಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಆಮೇಲೆ ಡ್ರೈವ್ ಕಿತ್ತು ಪಕ್ಕದ ಕೋಣೆಯಲ್ಲಿದ್ದ ಸಿಸ್ಟರ್ ಕಂಪ್ಯೂಟರಿಗೆ ಸಿಕ್ಕಿಸಿದ. ಬೀಗ ತೆಗೆಯಲು ಮತ್ತೆ ಅವಳನ್ನೇ ಕರೆದ. ಟೀಚರಮ್ಮನೂ ಹಿಂದೆಯೇ ಬಂದರು. ಎಲ್ಲವನ್ನೂ ಇಲ್ಲೇ ಕೊನೆಯವರೆಗೆ ಕೇಳಬೇಕು, ನಲವತ್ತೊಂದನ್ನೂ, ಎಂದ.

ಮೊದಲನೆಯದು ಹೊರಟಿತು. "ಬರ್ತಾ ಸೋಪ್ ತಗೊಂಡ್ ಬಾ ಮಗಾ. ಮೊನ್ನೆ ತಂದಂಥದ್ದು ಬೇಡ, ಅದು ನೊರೆ ಬರಲ್ಲ, ಬರೀ ವಾಸನೆ."

ದನಿಯಲ್ಲಿ ಮೂಗು ಇತ್ತು, ಆದರೆ ಎಲ್ಲೋ ಒಂದು ತುದಿಯಲ್ಲಿ. ಉಳಿದದ್ದೆಲ್ಲ ಮೆತ್ತಗೆ, ಸ್ವಲ್ಪ ನಗು ಬೆರೆತದ್ದು. ಮುನ್ನೂರು ವಾಕ್ಯ ಓದಿಸಿದ್ದ ಗಿಣಿ ಈ ದನಿಯನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಟೀಚರಮ್ಮ ಕಣ್ಣು ಮುಚ್ಚಿದ್ದರು. ಅವರ ತುಟಿಗಳು ಒಂದು ಮಾತೂ ತಪ್ಪದೆ ಆ ದನಿಯ ಜೊತೆ ಅಲುಗುತ್ತಿದ್ದವು.

ಗಿಣಿಯ ತುಟಿ ಅಲುಗಲಿಲ್ಲ. ಎರಡನೆಯದನ್ನು ಹಚ್ಚಿ, ಕೈಕಟ್ಟಿ ಕೇಳುತ್ತ ನಿಂತ.