ಬೀಗಿತ್ತಿಯ ಪ್ರೊಫೈಲು

ರಾಮಾಂಜಿನಪ್ಪನವರಿಗೆ ಬೀಗರೆಂದರೆ ದೇವರಿಗಿಂತ ಅರ್ಧ ಮೆಟ್ಟಿಲು ಕೆಳಗೆ, ಅಷ್ಟೇ. ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಮೂವತ್ತು ವರ್ಷ ಲಾರಿ ಡ್ರೈವರುಗಳನ್ನೂ ದಲ್ಲಾಳಿಗಳನ್ನೂ ಏರುದನಿಯಲ್ಲೇ ಮಾತಾಡಿಸಿದ ಮನುಷ್ಯ, ಮಗಳು ಯಶಶ್ರೀಯ ನಿಶ್ಚಿತಾರ್ಥ ಆದ ದಿನದಿಂದ ಬೀಗರ ಮನೆಯಿರುವ ಕುಮಾರ ಪಾರ್ಕಿನಿಂದ ಫೋನ್ ಬಂದರೆ ಎದ್ದು ನಿಂತು ಮಾತಾಡುತ್ತಿದ್ದರು. ಆಷಾಢ ಅಡ್ಡ ಬಂದು ಮದುವೆ ಶ್ರಾವಣಕ್ಕೆ ಹೋಗಿತ್ತು. ಆ ನಡುವೆ ಗಂಡಿನ ಮನೆಯಿಂದ ಮಾವಿನಹಣ್ಣಿನ ಬುಟ್ಟಿ ಬಂತು, ಸೀರೆ ಬಂತು, ಬೆಳ್ಳಿಯ ಕುಂಕುಮದ ಬಟ್ಟಲು ಬಂತು. ಬೀಗರು ಕೊಟ್ಟದ್ದನ್ನು ಬೇಡ ಎನ್ನುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹಾಗೆಯೇ ಒಂದು ದಿನ ಪಾಸ್‌ವರ್ಡೂ ಬಂತು.

ತಂದವನು ಅಳಿಯನಾಗಲಿರುವ ಅಭಿನಂದನ್. ವಿಶ್ವೇಶ್ವರಪುರಂನ ಈ ಮನೆಗೆ ಬಂದಿದ್ದಾಗ, ಗೋಡೆಯಗಲದ ಹೊಸ ಟೀವಿಯಲ್ಲಿ ವಾರ್ತೆ ಬಿಟ್ಟರೆ ಏನೂ ಬರುವುದಿಲ್ಲವೆಂದು ತಿಳಿದು, ಸಿನಿಮಾ ನೋಡುವ ತಮ್ಮ ಮನೆಯ ಓಟಿಟಿ ಅಕೌಂಟನ್ನೇ ಹಾಕಿಕೊಟ್ಟ. ಪರದೆಯ ಮೇಲೆ ಬಣ್ಣದ ಚೌಕಗಳು ಮೂಡಿದವು. ಒಂದರ ಕೆಳಗೆ ಅವನ ಹೆಸರು, ಇನ್ನೊಂದರ ಕೆಳಗೆ ಅವನ ತಾಯಿ ಪ್ರತಿಭಾ ಅವರ ಹೆಸರು, ಮೂರನೆಯದು ಖಾಲಿ.

"ಇಲ್ಲಿ ನಿಮ್ದೊಂದು ಪ್ರೊಫೈಲ್ ಮಾಡ್ಕೊಂಡ್ಬಿಡಿ ಮಾವ. ನೀವು ನೋಡಿದ್ದು ನಿಮಗೇ ಇರುತ್ತೆ, ನಾವು ನೋಡಿದ್ದು ನಮಗೆ" ಎಂದು ಹೇಳಿ ಹೋದ.

ಅವನ ಕಾರು ತಿರುವು ದಾಟಿದ್ದೇ ತಡ, ರಾಮಾಂಜಿನಪ್ಪ ತೀರ್ಪು ಕೊಟ್ಟರು. "ಬೀಗರ ಮನೇಗ್ ಹೋಗಿ ಅವರ ಬಾಗ್ಲಿಗೆ ನಮ್ ಹೆಸ್ರಿನ್ ಬೋರ್ಡ್ ಹೊಡ್ಯೋದಾ? ಬರ್ತಿದ್ದಂಗೇ ಜಾಗ ಹಿಡ್ದ್ಬಿಟ್ರು ಅಂದ್ಕೊಳಲ್ವಾ ಅವ್ರು? ಮರ್ಯಾದೆಯಾಗಿ ಬೀಗಿತ್ತಿಯವರ ಹೆಸ್ರಲ್ಲೇ ನೋಡಿ."

"ಅಪ್ಪಾ, ನಾವು ನೋಡಿದ್ದೆಲ್ಲ ಅವ್ರಿಗೆ ಕಾಣುತ್ತೆ" ಎಂದಳು ಯಶಶ್ರೀ.

"ಕಾಣ್ಲಿ ಬಿಡು. ನಾವೇನ್ ಕದ್ದು ನೋಡ್ತೀವಾ?"

ಮಾತು ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಬೀಗರಿಂದ ಮುಚ್ಚಿಟ್ಟ ಒಂದು ವಿಷಯ ಆ ಮನೆಯಲ್ಲಿತ್ತು, ಮುಚ್ಚಿಟ್ಟವರು ಸ್ವತಃ ರಾಮಾಂಜಿನಪ್ಪನವರೇ. ಯಶಶ್ರೀಗೆ ಹದಿನೇಳು ವರ್ಷವಾಗಿದ್ದಾಗ ಮೊದಲ ಸಲ ಫಿಟ್ಸ್ ಬಂದಿತ್ತು, ಪಿಯುಸಿ ಪರೀಕ್ಷೆಯ ಹಾಲಿನಲ್ಲಿ. ಆಮೇಲೆ ನಾಲ್ಕೈದು ಸಲ ಬಿದ್ದಿದ್ದಳು. ಈಗ ಅವಳಿಗೆ ಇಪ್ಪತ್ತಾರು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ನುಂಗುತ್ತಾಳೆ, ಐದು ವರ್ಷದಿಂದ ಬಿದ್ದಿಲ್ಲ, ಚಾಮರಾಜಪೇಟೆಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಮದುವೆಗೆ ಅಡ್ಡಿಯಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಹೇಳಿಬಿಡೋಣ ಎಂದು ಅವಳು ಬಾಯಿ ತೆರೆದಾಗಲೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಮದ್ವೆ ಆಗ್ಲಿ, ಆಮೇಲೆ ನೋಡ್ಕೊಳಾಣ." ಅವಳೂ ತಲೆಯಾಡಿಸಿದ್ದಳು. ಅಭಿನಂದನ್ ಅವಳಿಗೆ ಇಷ್ಟವಾಗಿದ್ದ, ಅವನನ್ನು ಕಳೆದುಕೊಳ್ಳುವ ಭಯ ಅವಳಿಗೂ ಇತ್ತು. ತಪ್ಪನ್ನು ಪೂರ್ತಿ ಅಪ್ಪನ ತಲೆಗೆ ಕಟ್ಟುವ ಹಾಗಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಪ್ರತಿಭಾ ಅವರ ಫೋನು.

"ಯಶೂ, ಊಟ ಆಯ್ತೇನಮ್ಮ? ನನ್ ಟೀವಿಗೆ ಏನೋ ಆಗಿದೆ ಕಣೆ. ಅಡುಗೆ ಕಾರ್ಯಕ್ರಮ ನೋಡಣ ಅಂತ ಕೂತ್ರೆ ಬರೀ ಆಸ್ಪತ್ರೆ, ತಲೆ ಆಪರೇಷನ್ನು, ಮೂರ್ಛೆ ಬೀಳೋರು. ಇದು ನಿಮಗೆ ಇಷ್ಟ ಆಗ್ಬಹುದು ಅಂತ ಬೇರೆ ಹಾಕಿರುತ್ತೆ! ನಂಗ್ಯಾಕಮ್ಮ ಇಷ್ಟ ಆಗುತ್ತೆ? ನಿಮ್ಮನೇಲೂ ಹಂಗೇ ಬರ್ತಿದ್ಯಾ?"

"ನೋಡ್ತೀನಿ ಅತ್ತೆ" ಎಂದಷ್ಟೇ ಹೇಳಿ ಯಶಶ್ರೀ ಫೋನಿಟ್ಟಳು.

ಅಮ್ಮ ಮೀನಾ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಯಶಶ್ರೀ ಟೀವಿ ಹಾಕಿ, ಬೀಗಿತ್ತಿಯ ಹೆಸರಿನ ಚೌಕ ಒತ್ತಿದಳು. ಮೊದಲ ಸಾಲಿನಲ್ಲೇ ಯಾವುದೋ ದೇಶದ ಡಾಕ್ಯುಮೆಂಟರಿ, ಅರ್ಧ ನೋಡಿ ಬಿಟ್ಟದ್ದು. ನೋಡಿದ್ದರ ಪಟ್ಟಿ ತೆಗೆದಳು. ಅದೇ ಹೆಸರು ಹತ್ತು ಬೇರೆಬೇರೆ ದಿನಗಳಲ್ಲಿತ್ತು, ಅವಳು ಶಾಲೆಗೆ ಹೋದ ದಿನಗಳಲ್ಲಿ ಮಾತ್ರ. ಒತ್ತಿದಾಗ ನಿಂತ ಜಾಗದಿಂದಲೇ ಮುಂದುವರಿಯಿತು. ಆಸ್ಪತ್ರೆಯ ಮಂಚ, ಬೆವೆತ ಮುಖದ ಹೆಂಗಸು, ಅವಳ ಎದೆಯ ಮೇಲೆ ಆಗತಾನೇ ಹುಟ್ಟಿದ ಕೂಸು.

ಖಾಲಿ ಬಕೆಟ್ ಹಿಡಿದುಕೊಂಡು ಮೀನಾ ಬಾಗಿಲಲ್ಲಿ ನಿಂತುಬಿಟ್ಟಳು.

"ಎಷ್ಟ್ ಸಲ ನೋಡಿದೀಯಮ್ಮ ಇದನ್ನ?"

"ಲೆಕ್ಕ ಇಟ್ಟಿಲ್ಲ." ಮೀನಾ ಬಕೆಟ್ಟನ್ನು ಕೆಳಗಿಡಲೂ ಇಲ್ಲ. "ಆ ರಿಮೋಟಲ್ಲಿ ಮಾತಾಡಿದ್ರೆ ಹುಡುಕ್ಕೊಡುತ್ತಲ್ಲ, ಅದ್ರ ಹತ್ರ ಕೇಳ್ದೆ. ಫಿಟ್ಸ್ ಇರೋ ಹುಡುಗೀಗೆ ಮಕ್ಕಳಾಗುತ್ತಾ ಅಂತ. ಡಾಕ್ಟ್ರನ್ನೇ ಕೇಳಣ ಅಂದ್ರೆ ನಿಮ್ಮಪ್ಪ ಬಿಡ್ಲಿಲ್ಲ. ಆಸ್ಪತ್ರೇಲಿ ಯಾರಾದ್ರೂ ನೋಡ್ಬಿಡ್ತಾರೆ ಅಂದ್ರು. ಈ ಟೀವಿಯೋರ ಮಾತು ನಂಗೆ ಒಂದಕ್ಷರ ಅರ್ಥ ಆಗಲ್ಲ ಕಣೆ. ಆದ್ರೆ ಅವ್ಳಿಗೆ ಮಗು ಆಗುತ್ತೆ. ಚೆನ್ನಾಗೇ ಇದೆ, ಅಳುತ್ತೆ, ಹಾಲು ಕುಡಿಯುತ್ತೆ."

ಬೈಯಬೇಕೆಂದು ತಿರುಗಿದ ಯಶಶ್ರೀ ಅಮ್ಮನ ಕೈಯಿಂದ ಬಕೆಟ್ ತೆಗೆದು ಕೆಳಗಿಟ್ಟಳು. ಮನೆಯಲ್ಲಿ ಯಾರೂ ಇಲ್ಲದಾಗ ಅಮ್ಮ ಗುರುತಿಲ್ಲದವಳ ಹೆರಿಗೆ ನೋಡುತ್ತ ಕೂತಿದ್ದಳಲ್ಲ ಎನ್ನಿಸಿ ಸಂಕಟವಾಯಿತು. ಅದೂ ಬೀಗಿತ್ತಿಯ ಹೆಸರಿನಲ್ಲಿ, ಬೀಗಿತ್ತಿಗೆ ಗೊತ್ತಿಲ್ಲದೆ.

ಸಂಜೆ ವಿಷಯ ಕೇಳಿದ ರಾಮಾಂಜಿನಪ್ಪ ಮೊದಲು ಹೆಂಡತಿಯ ಮೇಲೆ ಹಾರಾಡಿದರು, ಆಮೇಲೆ ಟೀವಿಯ ಮೇಲೆ. ಹಾರಾಡಿ ಸುಸ್ತಾದ ಮೇಲೆ ಮಂಡಿಯ ತಲೆ ಓಡಿತು.

"ಮುನಿಯಕ್ಕ ನೋಡಿದ್ದು ಅಂದ್ಬಿಡು. ಅವಳ ಮೊಮ್ಮಗಳಿಗೆ ಫಿಟ್ಸು, ಪಾಪ, ಕೆಲಸ ಮುಗಿಸ್ಕೊಂಡು ಕೂತು ನೋಡ್ತಾಳೆ ಅನ್ನು."

"ಮುನಿಯಕ್ಕನ ಮೊಮ್ಮಗಳಿಗೆ ಏನೂ ಆಗಿಲ್ಲ ಅಪ್ಪ."

"ಬೀಗರೇನು ಹೋಗಿ ನೋಡ್ತಾರಾ? ಕೆಲಸದವ್ಳ ಮನೆ ವಿಷ್ಯ ಯಾರಿಗ್ ಬೇಕು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಹತ್ತು ವರ್ಷದಿಂದ ಆ ಮನೆಯ ಕಸಮುಸುರೆ ಮಾಡುತ್ತಿರುವ ಮುನಿಯಕ್ಕ ಅಲ್ಲೇ ಇದ್ದಾಳೆಂಬುದು ಮೂವರಿಗೂ ಮರೆತಿತ್ತು. ಸ್ವಲ್ಪ ಹೊತ್ತಿಗೆ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, "ಬತ್ತೀನಿ ಕಣಮ್ಮ" ಎಂದು ಚಪ್ಪಲಿ ಮೆಟ್ಟಿ ಹೋದಳು. ಯಶಶ್ರೀಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಭಾನುವಾರ ಸಂಜೆ ಅಭಿನಂದನ್ ತಾನಾಗಿಯೇ ಬಂದ. ಮನೆಯ ಹಿಂದಿನ ತಿಂಡಿಬೀದಿಗೆ ಕರೆದುಕೊಂಡು ಹೋಗಿ, ದೋಸೆಯ ತಟ್ಟೆ ಅವಳ ಕೈಗಿಟ್ಟು, ಜನ ಕಮ್ಮಿಯಿದ್ದ ಒಂದು ಮೂಲೆಯಲ್ಲಿ ನಿಂತ.

"ಅಮ್ಮ ಫೋನ್ ಮಾಡಿದ್ರಂತಲ್ಲ. ತಲೆ ಕೆಡಿಸ್ಕೋಬೇಡ. ನಿಮ್ಮನೆಗೆ ಬೇರೆ ಪ್ರೊಫೈಲ್ ಮಾಡಿದೀನಿ, ಅಮ್ಮನದ್ರಲ್ಲಿ ಇದ್ದಿದ್ದೆಲ್ಲ ಅಳಿಸಾಯ್ತು. ನಿಮ್ದಕ್ಕೆ ಪಿನ್ ಹಾಕಿದೀನಿ, ನಮ್ಮ ಮದ್ವೆ ತಾರೀಕು. ಇನ್ಮೇಲೆ ಯಾರು ಏನ್ ನೋಡ್ತಾರೆ ಅಂತ ಯಾರಿಗೂ ಗೊತ್ತಾಗಲ್ಲ. ಅಮ್ಮನಿಗೆ ಕಂಪನಿಯವ್ರ ತಪ್ಪು ಅಂದೆ, ನಂಬಿದ್ರು."

ಯಶಶ್ರೀಗೆ ಹೋದ ಜೀವ ಬಂದಂತಾಯಿತು. ಮುನಿಯಕ್ಕನ ಹೆಸರು ಹೇಳುವ ಪಾಪವೂ ತಪ್ಪಿತು. ಒಂದು ತುತ್ತು ತಿಂದಳು. ಎರಡನೆಯ ತುತ್ತಿಗೆ ಏನೋ ಅಡ್ಡ ಬಂತು.

"ಯಾರ್ ನೋಡಿದ್ದು ಅಂತ ನೀವು ಕೇಳ್ಲೇ ಇಲ್ಲ."

ಅಭಿನಂದನ್ ಕೈ ಒರೆಸಿಕೊಂಡ. "ಒಂದೇ ಡಾಕ್ಯುಮೆಂಟರೀನ ಹತ್ತು ಸಲ ಯಾರೂ ಟೈಂಪಾಸ್‌ಗೆ ನೋಡಲ್ಲ ಯಶೂ. ಅಳಿಸೋವಾಗ ನಾನೂ ನೋಡ್ದೆ. ನಿಂಗೇನಾ?"

"ಹೂಂ. ನಂಗೇ." ಒಂಬತ್ತು ವರ್ಷ ನುಂಗಿಕೊಂಡಿದ್ದ ಮಾತು ಗದ್ದಲದ ಬೀದಿಯಲ್ಲಿ, ದೋಸೆಯ ತಟ್ಟೆ ಹಿಡಿದುಕೊಂಡು ನಿಂತಾಗ ಹೊರಬಿತ್ತು. "ಐದು ವರ್ಷದಿಂದ ಬಂದಿಲ್ಲ. ಮಾತ್ರೆ ತಗೋತಿದೀನಿ. ಮುಂಚೇನೇ ಹೇಳ್ಬೇಕಿತ್ತು."

ಅವನು ಬೀದಿಯ ಕಡೆ ತಿರುಗಿದ. ಆಮೇಲೆ, "ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೆ ನಂಗೆ ನೀನು ಬೇಕು" ಎಂದ. "ಅಮ್ಮನಿಗೆ ಮಾತ್ರ ಯಾವತ್ತೂ ಗೊತ್ತಾಗ್ಬಾರ್ದು, ಅಷ್ಟೇ. ಗೊತ್ತಾದ್ರೆ ಈ ಮದ್ವೆ ನಿಂತಂಗೇ. ಮಾತ್ರೆ ನನ್ನ ಬೀರುವಲ್ಲಿ ಇಡಣ. ನಾನೇ ತೆಗೆದ್ಕೊಡ್ತೀನಿ."

"ನಾನು ಬಿದ್ರೆ?"

"ಬೀಳಲ್ಲ ಬಿಡು."

"ನೀವು ಹಗಲೆಲ್ಲ ಹೊರಗಿರ್ತೀರ. ಸ್ಕೂಲ್ ರಜಾ ಇದ್ದಾಗ ಮನೇಲಿ ಅತ್ತೆ, ನಾನು, ಇಬ್ರೇ. ಅವ್ರ ಮುಂದೆ ಬಿದ್ರೆ?"

"ಯಶೂ, ಕೆಟ್ಟದ್ದನ್ನ ಯಾಕೆ ಬಾಯಲ್ಲಿ ಆಡ್ತೀಯ? ಎಲ್ಲ ಸರಿಹೋಗ್ತಿದೆ ಅನ್ನೋವಾಗ."

ಅವನು ಕೆಟ್ಟವನಲ್ಲ, ಯಶಶ್ರೀಗೆ ಕಷ್ಟವಾದದ್ದೇ ಅದರಿಂದ. ಕೆಟ್ಟವನಾಗಿದ್ದರೆ ತಟ್ಟೆ ಬಿಸಾಕಿ ನಡೆದುಬಿಡಬಹುದಿತ್ತು. ಇವನು ಅವಳಿಗಾಗಿ ತಾಯಿಗೆ ಸುಳ್ಳು ಹೇಳಿದ್ದ, ಇನ್ನೂ ಹೇಳಲು ತಯಾರಾಗಿದ್ದ. ಆದರೆ ಅಪ್ಪನ ಮನೆಯ ಗುಟ್ಟು ಗಂಡನ ಮನೆಗೆ ಬಿಡಾರ ಬದಲಿಸುತ್ತಿತ್ತು, ಅಷ್ಟೇ. ಸಾಯುವತನಕ ಒಬ್ಬ ಹೆಂಗಸಿನ ಜೊತೆ ಒಂದೇ ಅಡುಗೆಮನೆಯಲ್ಲಿ, ಅವಳಿಗೆ ಗೊತ್ತಾಗದ ಹಾಗೆ ಬದುಕಬೇಕು. ಒಂದು ದಿನ ಒಲೆಯ ಮುಂದೆ ಬಿದ್ದರೆ, ಏನೂ ಗೊತ್ತಿಲ್ಲದ ಆ ಹೆಂಗಸು ಹೆದರಿ ಏನು ಮಾಡಿಬಿಟ್ಟಾಳೋ. ಯಶಶ್ರೀಗೆ ಮದುವೆ ನಿಲ್ಲುವುದಕ್ಕಿಂತ ಹೆಚ್ಚಿನ ಭಯ ಮೊದಲ ಸಲ ಆಯಿತು.

ಸೋಮವಾರ ಅರ್ಧ ದಿನ ರಜೆ ಹಾಕಿ, ಮನೆಯಲ್ಲಿ ಯಾರಿಗೂ ಹೇಳದೆ, ಆಟೋ ಹಿಡಿದು ಕುಮಾರ ಪಾರ್ಕಿಗೆ ಹೋದಳು. ಬಾಗಿಲು ತೆರೆದ ಪ್ರತಿಭಾ ಕೈಯನ್ನು ಬಾಯಿಗಿಟ್ಟುಕೊಂಡರು.

"ಅಯ್ಯೋ! ಆಷಾಢದಲ್ಲಿ, ಅದೂ ತಾಳಿ ಬೀಳೋಕ್ ಮುಂಚೆ, ಗಂಡಿನ ಮನೆ ಹೊಸಿಲು ತುಳೀತಾರೇನಮ್ಮ? ನಿಮ್ಮಪ್ಪನಿಗೆ ಗೊತ್ತಾ?"

"ಇಲ್ಲ ಅತ್ತೆ. ಒಂದ್ ವಿಷ್ಯ ಹೇಳಿ ಹೊರಟ್ಬಿಡ್ತೀನಿ. ಬೇಕಾದ್ರೆ ಹೊರಗೇ ನಿಂತು ಹೇಳ್ತೀನಿ."

ಅವಳ ಮುಖ ನೋಡಿ ಪ್ರತಿಭಾ ಪಕ್ಕಕ್ಕೆ ಸರಿದರು. ಹಾಲಿನಲ್ಲಿ ನಿಂತುಕೊಂಡೇ ಯಶಶ್ರೀ ಎಲ್ಲವನ್ನೂ ಹೇಳಿದಳು. ಪರೀಕ್ಷೆಯ ಹಾಲ್‌ನಲ್ಲಿ ಬಿದ್ದದ್ದು, ಮಾತ್ರೆ, ಐದು ವರ್ಷ, ಅಮ್ಮ ನೋಡುತ್ತಿದ್ದ ಹೆರಿಗೆ. ಪ್ರತಿಭಾ ಮೆಲ್ಲಗೆ ಸೋಫಾದಲ್ಲಿ ಕುಳಿತರು.

"ಅಭಿಗೆ ಗೊತ್ತಾ ಇದು?"

ಇಲ್ಲ ಎಂದರೆ ಅವನು ಉಳಿಯುತ್ತಿದ್ದ. ಯಶಶ್ರೀಗೆ ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ಗೊತ್ತು ಅತ್ತೆ."

"ಕಂಪನಿಯವ್ರ ತಪ್ಪು ಅಂದ." ಪ್ರತಿಭಾ ಅವರ ಧ್ವನಿ ಸಣ್ಣದಾಯಿತು. "ನನ್ ಹೆಸ್ರಿಟ್ಕೊಂಡು ನಿಮ್ಮಮ್ಮ ಅಳ್ತಾ ಕೂತಿದ್ದು ನಿಂಗ್ ಗೊತ್ತು, ನಿಮ್ಮಪ್ಪನಿಗೆ ಗೊತ್ತು, ನನ್ ಮಗನಿಗೂ ಗೊತ್ತು. ಗೊತ್ತಿಲ್ದೆ ಇದ್ದೋಳು ನಾನೊಬ್ಳೇ. ನನ್ ಮನೇಲೇ ನನ್ನನ್ನ ಹೊರಗಿಟ್ರಲ್ಲೇ."

ಒಳಗೆ ಕುಕ್ಕರ್ ಕೂಗಿತು. ಪ್ರತಿಭಾ ಎದ್ದು ಹೋಗಿ ಒಲೆ ಆರಿಸಿ, ಅಲ್ಲೇ ತುಂಬಾ ಹೊತ್ತು ನಿಂತರು. ಹೊರಟುಬಿಡೋಣವೆಂದು ಯಶಶ್ರೀ ಚಪ್ಪಲಿಯ ಕಡೆ ತಿರುಗಿದಾಗ ಅವರು ವಾಪಸು ಬಂದರು. ಕಣ್ಣು ಕೆಂಪಾಗಿತ್ತು.

"ಮದ್ವೆ ವಿಷ್ಯ ನಾನೀಗ ಮಾತಾಡಲ್ಲ. ಮನೆಯವ್ರು ಬರ್ಲಿ, ಅಭಿ ಬರ್ಲಿ. ನಿಮ್ಮಪ್ಪನ್ನೂ ಕೇಳೋದಿದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಆದ್ರೆ ಈಗ ನೀನಿಲ್ಲಿ ನಿಂತಿದೀಯ, ಮನೇಲಿ ನಾನೊಬ್ಳೇ ಇದೀನಿ. ಈಗ್ಲೇ ಬಿದ್ಬಿಟ್ರೆ ನಾನೇನ್ ಮಾಡ್ಬೇಕು? ಕೈಗೆ ಬೀಗದಕೈ ಕೊಡ್ಬೇಕು ಅಂತಾರಲ್ಲ, ಕೊಡ್ಲಾ?"

ಯಾರಿಗಾದರೂ ಗೊತ್ತಾಯಿತಾ ಎಂದು ಕೇಳಿದವರಿದ್ದರು, ಇನ್ನು ಬರುವುದಿಲ್ಲ ತಾನೇ ಎಂದು ಕೇಳಿದವರಿದ್ದರು. ಈ ಪ್ರಶ್ನೆಯನ್ನು ಹೊರಗಿನವರು ಯಾರೂ ಅವಳನ್ನು ಕೇಳಿರಲಿಲ್ಲ. ಬ್ಯಾಗನ್ನು ಕೆಳಗಿಟ್ಟು, ಸೀರೆಯ ನೆರಿಗೆ ಸರಿಮಾಡಿಕೊಂಡು, ಅವಳು ಆ ಹಾಲಿನ ನೆಲದ ಮೇಲೆ ಮಲಗಿಬಿಟ್ಟಳು.

"ಏನೂ ಕೊಡ್ಬೇಡಿ ಅತ್ತೆ. ಬಾಯಿಗೂ ಏನೂ ಹಾಕ್ಬೇಡಿ, ಕೈಕಾಲು ಅದುಮಿ ಹಿಡೀಬೇಡಿ. ಗಡಿಯಾರ ನೋಡ್ಕೊಳ್ಳಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ. ಹೀಗೆ ಒಂದ್ ಮಗ್ಗುಲಿಗೆ ತಿರುಗ್ಸಿ, ಅಷ್ಟೇ."

ಪ್ರತಿಭಾ ಮೊಣಕಾಲೂರಿ ಪಕ್ಕದಲ್ಲಿ ಕುಳಿತರು. ಒಂದು ಕೈಯನ್ನು ಅವಳ ಭುಜದ ಮೇಲೆ, ಇನ್ನೊಂದನ್ನು ಸೊಂಟದ ಮೇಲೆ ಇಟ್ಟರು. ಮುಟ್ಟಿದರೆ ನೋಯುತ್ತದೇನೋ ಎಂಬಂತೆ ಮೆಲ್ಲಗೆ ತಿರುಗಿಸಿದರು.

"ಹಿಂಗಾ?"

"ಇನ್ನೂ ಸ್ವಲ್ಪ ತಿರುಗ್ಸಿ ಅತ್ತೆ. ಹೆದರ್ಕೋಬೇಡಿ, ನಂಗೆ ನೋವಾಗಲ್ಲ."